ನೀರಿನ ಮನೆಗೆ ದೂರದ ಕಾವಲು

ನಮ್ಮ ಊರಿನಲ್ಲಿ ಯಾರಾದರೂ ನೋಡುತ್ತಿದ್ದರೆ ಮಾತ್ರ ಯಂತ್ರಗಳು ನಡೆಯುತ್ತವೆ. ಗಿರಣಿಗೆ ಒಬ್ಬರು, ಗೋಪುರದ ಗಡಿಯಾರಕ್ಕೆ ಒಬ್ಬರು, ಹೊಲಿಗೆ ಮಷಿನ್ನಿಗೆ ಹೇಗೂ ಹೊಲಿಯುವವರದೇ ಕಣ್ಣು. ಹೊತ್ತಿಸಿದ ಒಲೆಯೂ ಅಷ್ಟೇ, ಬೆನ್ನು ತಿರುಗಿಸಿದರೆ ಆರಿಹೋಗುತ್ತದೆ. ಹೊಳೆಗೆ, ಮರಕ್ಕೆ, ದನಕರುವಿಗೆ ಇದು ತಟ್ಟುವುದಿಲ್ಲ. ಗಟ್ಟಿಮುಟ್ಟಾಗಿ ಓಡಾಡುವ ಮನುಷ್ಯರಿಗೂ ಇಲ್ಲ. ಆದರೆ ಹಾಸಿಗೆ ಹಿಡಿದು ಇನ್ನು ಏಳುವುದಿಲ್ಲ ಎನ್ನುವಂತಾದವರಿಗೆ ತಟ್ಟುತ್ತದೆ, ಅಂಥವರ ಪಕ್ಕ ಸದಾ ಯಾರಾದರೂ ಕೂತು ನೋಡುತ್ತಿರಬೇಕು. ಅದಕ್ಕೇ ನಮ್ಮಲ್ಲಿ ಹೆಣ್ಣು ಕೇಳಲು ಬಂದವರು ಹುಡುಗಿಗೆ ಅಡುಗೆ ಬರುತ್ತದಾ ಎಂದು ವಿಚಾರಿಸುವುದಿಲ್ಲ, ಕಣ್ಣು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ವಿಚಾರಿಸುತ್ತಾರೆ. ಕಾವಲು ಬದಲಾಯಿಸುವಾಗ, ಬಂದವರು ಕೂತವರ ಹೆಗಲ ಮೇಲೆ ಕೈಯಿಟ್ಟು ‘ಕಂಡೆ’ ಅನ್ನಬೇಕು. ಆ ಮಾತು ಕಿವಿಗೆ ಬೀಳುವವರೆಗೆ, ಪಕ್ಕದ ಮನೆ ಕುಸಿದು ಬಿದ್ದರೂ ಕೂತವರು ತಿರುಗಿ ನೋಡುವುದಿಲ್ಲ.

ನನ್ನ ದೊಡ್ಡವ್ವ, ಅಂದರೆ ನಮ್ಮವ್ವನ ಅಕ್ಕ ಚಿಕ್ಕತಾಯಮ್ಮ, ನೀರಿನ ಮನೆಯ ಸರ್ವರಿನ ಕಾವಲಿಗಿದ್ದಳು. ಬಂಡೆಗುಡ್ಡದ ಮೇಲೆ ಒಂದು ಕಲ್ಲಿನ ಕೋಣೆ, ಅದರೊಳಗೆ ಕಬ್ಬಿಣದ ಬೀರುವಿನಷ್ಟು ದಪ್ಪದ ಒಂದು ಮಷಿನ್ನು. ಊರಿನ ಪಂಪುಗಳನ್ನು ಓಡಿಸುವುದು, ಯಾವ ಬೀದಿಗೆ ಯಾವಾಗ ನೀರು ಬಿಡಬೇಕು ಎಂದು ವಾಲ್ವು ತೆರೆದು ಮುಚ್ಚುವುದು ಎಲ್ಲಾ ಅದೇ. ಅದು ನಿಂತರೆ ಮತ್ತೆ ಎಬ್ಬಿಸುವುದು ಸುಲಭವಲ್ಲ, ಅಷ್ಟು ಹೊತ್ತಿಗೆ ಕೆಳಗಿನ ಬೀದಿಯ ಕೊಳವೆಗಳಲ್ಲಿ ಗಾಳಿ ತುಂಬಿರುತ್ತದೆ. ಅಂಥ ಕಾವಲಿಗೆ ಜನ ಬರುತ್ತಿರಲಿಲ್ಲ. ಗಡಿಯಾರಕ್ಕಾದರೆ ಮುಳ್ಳಿದೆ, ಗಿರಣಿಯಲ್ಲಿ ಹಿಟ್ಟು ಬೀಳುವುದನ್ನು ನೋಡಬಹುದು, ಇದರಲ್ಲಿ ನೋಡಲು ಒಂದು ಹಸಿರು ದೀಪ ಬಿಟ್ಟರೆ ಏನಿದೆ? ಬಂದವರೆಲ್ಲ ತೂಕಡಿಸಿ ಓಡಿಹೋದರು. ದೊಡ್ಡವ್ವನ ಜೊತೆ ಸರದಿಯಲ್ಲಿದ್ದ ಮುದುಕಿ ತೀರಿಕೊಂಡ ಮೇಲೆ ದೊಡ್ಡವ್ವ ಒಬ್ಬಳೇ ಉಳಿದಳು. ನೀರಿನ ಮನೆಯ ಮೇಲ್ವಿಚಾರಕ ಮಾದಪ್ಪನವರ ಕಣ್ಣಿಗೆ ಪೊರೆ ಬಂದಿತ್ತು. ಆಕೆ ಉಣ್ಣುವಾಗ, ಒಂದಿಷ್ಟು ಕಣ್ಣು ಮುಚ್ಚುವಾಗ ಮೂಗು ತಾಗುವಷ್ಟು ಹತ್ತಿರ ಕೂತು ಅವರು ನೋಡುತ್ತಿದ್ದರು. ಅದಕ್ಕಿಂತ ಹೆಚ್ಚು ಹೊತ್ತು ಅವರ ಕಣ್ಣು ನಿಲ್ಲುತ್ತಿರಲಿಲ್ಲ.

ಇತ್ತ ಹೊಳೆಯಾಚೆಯ ಮನೆಯಲ್ಲಿ ದೊಡ್ಡಪ್ಪ ಜವರಪ್ಪ ಹಾಸಿಗೆ ಹಿಡಿದಿದ್ದ. ಹೊಟ್ಟೆಯ ನೋವು, ಇನ್ನು ಏಳುವುದಿಲ್ಲವೆಂದು ವೈದ್ಯರೇ ಹೇಳಿಬಿಟ್ಟಿದ್ದರು. ಪಕ್ಕದ ಮನೆಯ ಸಾಕಮ್ಮ ಮತ್ತು ಆ ಓಣಿಯವರು ಸರದಿಯ ಮೇಲೆ ಅವನನ್ನು ನೋಡುತ್ತಿದ್ದರು. ನಾನು ಹೋದಾಗಲೆಲ್ಲ ಅವನ ಬಾಯಲ್ಲಿ ಒಂದೇ ಮಾತು, “ತಾಯಿ ಬಂದ್ಳಾ?” ಹೆಂಡತಿಯನ್ನು ಅವನು ಕರೆಯುತ್ತಿದ್ದದ್ದೇ ತಾಯಿ ಎಂದು. ಮಕ್ಕಳಿಲ್ಲದ ಅವನ ಹೆಗಲೇರಿ ನಾನು ಗೋಪುರ ಹತ್ತಿದವಳು, ಅವನು ಗಡಿಯಾರದ ಕಾವಲಿಗಿದ್ದಷ್ಟು ಕಾಲ ಅವನ ಮಡಿಲೇ ನನ್ನ ಶಾಲೆ. ದೊಡ್ಡವ್ವನನ್ನು ಅವನು ಯಾಕೆ ಕೇಳುತ್ತಿದ್ದಾನೆಂದು ಊರಿಗೆಲ್ಲ ಗೊತ್ತಿತ್ತು. ನೋವು ತಾಳಲಾರದೆ ‘ಸಾಕು’ ಅಂದವರ ಮೇಲಿಂದ ಕಣ್ಣು ತೆಗೆಯುವ ಹಕ್ಕು ನಮ್ಮಲ್ಲಿ ಕಟ್ಟಿಕೊಂಡವರಿಗೆ, ಹೆತ್ತವರಿಗೆ, ಹೊಟ್ಟೆಯಲ್ಲಿ ಹುಟ್ಟಿದವರಿಗೆ ಮಾತ್ರ. ಅವರು ಬಂದು ಎಲ್ಲರನ್ನೂ ಹೊರಗೆ ಕಳಿಸಿ, ಕೈ ಹಿಡಿದುಕೊಂಡು, ತಮ್ಮ ಮುಖ ಗೋಡೆಗೆ ತಿರುಗಿಸಬೇಕು, ಯಾರ ಕಣ್ಣೂ ಇಲ್ಲದಾಗ ಜೀವ ಹೋಗುತ್ತದೆ. ನನಗೂ ಗೊತ್ತಿತ್ತು. ಆದರೆ ದೊಡ್ಡವ್ವ ಪಕ್ಕದಲ್ಲಿದ್ದರೆ ಅವನಿಗೆ ಬದುಕುವ ಮನಸ್ಸು ಬರುತ್ತದೆ ಎಂದು ನಾನು ನಂಬಿಕೊಂಡಿದ್ದೆ.

ನಾನೇ ಹೋಗಿ ಸರ್ವರಿನ ಮುಂದೆ ಕೂರಬಹುದಿತ್ತಲ್ಲ ಅಂತೀರಾ? ಅವ್ವನ ಹೋಟೆಲಿನ ಒಲೆಗೆ ನಾನೇ ಕಣ್ಣು. ಅವ್ವ ರುಬ್ಬಿ, ಬೇಯಿಸಿ, ಬಡಿಸುವಾಗ ನಾನು ಬೆಂಚಿನ ಮೇಲೆ ಕೂತು ಉರಿಯನ್ನು ನೋಡಬೇಕು. ಹಾಗೆ ಕೂತು ಕೂತೇ ಈ ಯೋಚನೆ ಹೊಳೆದದ್ದು. ಸರ್ವರಿನೊಳಗೆ ಏಜೆಂಟ್ ಅನ್ನುವ ಒಂದು ಚಿಕ್ಕ ಪ್ರೋಗ್ರಾಂ ಕೂರಿಸಿದರೆ ಸಾಕು. ಮಷಿನ್ನು ಎಷ್ಟು ಬಿಸಿಯಾಗಿದೆ, ಡಿಸ್ಕು ಎಷ್ಟು ತುಂಬಿದೆ, ಯಾವ ಪಂಪು ಓಡುತ್ತಿದೆ ಎಂದು ಅದು ಒಳಗಿನಿಂದ ಹೇಳುತ್ತಲೇ ಇರುತ್ತದೆ. ಇಲ್ಲಿ ಹೋಟೆಲಿನ ಒಲೆಯ ಪಕ್ಕ ಒಂದು ಪರದೆ ಇಟ್ಟುಕೊಂಡು ಅದನ್ನು ನೋಡಬಹುದು. ಬರೀ ನೋಡುವುದಷ್ಟೇ ಅಲ್ಲ, ಏನಾದರೂ ಸಿಕ್ಕಿಹಾಕಿಕೊಂಡರೆ ಇಲ್ಲಿಂದಲೇ ನಿಲ್ಲಿಸಿ ಮತ್ತೆ ಶುರು ಮಾಡಬಹುದು. ಇದನ್ನು ಹೇಳಲು ನಾನು ಗುಡ್ಡಕ್ಕೆ ಓಡಿದೆ.

ಮಾದಪ್ಪನವರು ಪೂರ್ತಿ ಕೇಳಿ ಎಲೆಯಡಿಕೆ ಉಗಿದು ಬಂದರು. “ಏನಮ್ಮ ರಂಜು, ನಿಮ್ಮವ್ವನ ಇಡ್ಲಿ ಬೇಯ್ತದಾ ಅಂತ ನೋಡ್ಕಂಡಿರೋದು ಬುಟ್ಟು ಊರ ನೀರ್ನೇ ಬೇಯಿಸಾಕೆ ಹೊಂಟಿದ್ದೀಯಾ?”

“ಎರಡನ್ನೂ ಒಂದೇ ಬೆಂಚಿಂದ ನೋಡ್ತೀನಿ ಮಾದಪ್ಪನೋರೆ.”

“ಅದು ನೋಡ್ದಂಗಾಯ್ತದಾ? ಹೆಂಡ್ತಿ ಫೋಟೋ ನೋಡ್ಕಂಡು ಕೂತ್ರೆ ಮುದ್ದೆ ಬೇಯ್ತದಾ?”

ದೊಡ್ಡವ್ವ ದೀಪದಿಂದ ಕಣ್ಣು ತೆಗೆಯದೆ ಅಂದಳು, “ಮಾಡ್ಲಿ ಬುಡಿ ಮಾದಪ್ಪ. ಆಗ್ದಿದ್ರೆ ನಾನೆಲ್ಲಿಗೆ ಹೋಗ್ತೀನಿ, ಇಲ್ಲೇ ಇರ್ತೀನಲ್ಲ.” ಅವಳ ಸ್ವರದಲ್ಲಿ ಆಸೆ ಇರಲಿಲ್ಲ. ಅದೇ ನನ್ನನ್ನು ಚುಚ್ಚಿದ್ದು.

ಕೆಲಸ ಶುರುವಾಯಿತು. ನಮ್ಮ ಊರಿನಲ್ಲಿ ಪ್ರೋಗ್ರಾಂ ಕೂರಿಸುವುದೆಂದರೆ ಬೇರೆ ಕಡೆಯ ಹಾಗಲ್ಲ, ಅದು ಎಷ್ಟು ಇಳಿಯಿತೆಂದು ತೋರಿಸುವ ಪಟ್ಟಿ ತುಂಬುವವರೆಗೆ ಅದನ್ನೇ ನೋಡುತ್ತಿರಬೇಕು, ಚಹಾಕ್ಕೆಂದು ಎದ್ದರೆ ಇಳಿಯುವುದು ಅಲ್ಲಿಗೇ ನಿಂತುಹೋಗುತ್ತದೆ. ದೊಡ್ಡವ್ವ ದೀಪವನ್ನು ನೋಡುತ್ತ, ನಾನು ಪಟ್ಟಿಯನ್ನು ನೋಡುತ್ತ, ಬೆನ್ನಿಗೆ ಬೆನ್ನು ಕೊಟ್ಟು ಕೂತೆವು. ಹೊರಗಿನವರು ಒಳಗೆ ಬಾರದಂತೆ ಸರ್ವರಿಗೆ ಹಾಕಿದ್ದ ತಡೆಗೋಡೆಯಲ್ಲಿ ನಮ್ಮ ಹೋಟೆಲಿಗಷ್ಟೇ ಒಂದು ಬಾಗಿಲು ತೆರೆದೆ. ಅದಕ್ಕೆ ಗಟ್ಟಿ ಕೀಲಿ ಹಾಕಿದೆ. ಎಷ್ಟು ಬಿಸಿಯಾದರೆ ಎಚ್ಚರಿಸಬೇಕು, ಡಿಸ್ಕು ಎಲ್ಲಿಯವರೆಗೆ ತುಂಬಿದರೆ ಗಂಟೆ ಹೊಡೆಯಬೇಕು ಎಂದೆಲ್ಲ ಬರೆದೆ. ಅಷ್ಟು ಹೊತ್ತೂ ಬಾಯಿ ಬಿಡುವಿಲ್ಲದೆ ಏನೇನೋ ವಿವರಿಸುತ್ತಲೇ ಇದ್ದೆ.

“ಉಸಿರಾಡೇ ತಾಯಿ,” ಅಂದಳು ದೊಡ್ಡವ್ವ. “ನೀ ನಿಂತೋದ್ರೆ ನಿನ್ನ ಯಾರು ನೋಡ್ತಾರೆ?”

ಮೊದಲ ಪರೀಕ್ಷೆಯ ದಿನ ನಾನು ಹೋಟೆಲಿನ ಬೆಂಚಿನ ಮೇಲೆ ಪರದೆಯ ಮುಂದೆ ಕೂತೆ. ಫೋನಿನಲ್ಲಿ ‘ಕಂಡೆ ದೊಡ್ಡವ್ವ’ ಅಂದೆ. ಆಕೆ ತಿರುಗಲೇ ಇಲ್ಲ. ಹೆಗಲ ಮೇಲೆ ಕೈ ಬೀಳದೆ ಕತ್ತು ತಿರುಗುವುದಾದರೂ ಹೇಗೆ? ಕೊನೆಗೆ ಮಾದಪ್ಪನವರು ಮಷಿನ್ನಿಗೆ ಬೆನ್ನು ಹಾಕಿ ನಿಂತು, ನನ್ನ ಬದಲು ಆಕೆಯ ಹೆಗಲ ಮೇಲೆ ಕೈಯಿಟ್ಟರು, ನಾನು ಇತ್ತಲಿಂದ ‘ಕಂಡೆ’ ಅಂದೆ, ಆಕೆ ತಿರುಗಿದಳು. ನನ್ನ ಪರದೆಯ ಮೇಲೆ, ನೀರು ಹೆಚ್ಚು ಹರಿದರೆ ಮೇಲೇರುವ ಹಸಿರು ಗೆರೆ ಚೆನ್ನಾಗಿಯೇ ಓಡುತ್ತಿತ್ತು, ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಫೋನಿನಲ್ಲಿ ಮಾದಪ್ಪನವರ ಕೂಗು, “ನಿಂತೋಯ್ತಲ್ಲಮ್ಮ! ಫ್ಯಾನೂ ಇಲ್ಲ ದೀಪಾನೂ ಇಲ್ಲ!”

ಅವತ್ತು ಕೆಳಗಿನ ಬೀದಿಯವರು ಹೊಳೆಯಿಂದ ನೀರು ಹೊತ್ತರು. ಹೋಟೆಲಿಗೆ ಬಂದು ಬೈದವರಿಗೆ ಅವ್ವ ಚಹಾ ಕೊಟ್ಟು ಸಮಾಧಾನ ಮಾಡಿದಳು. ನಾನು ತಲೆ ಕೆಡಿಸಿಕೊಂಡು ಹುಡುಕಿದೆ, ಕೊನೆಗೆ ಸಿಕ್ಕಿತು. ನಾನು ಕೂರಿಸಿದ್ದ ಏಜೆಂಟು ಎಲ್ಲವನ್ನೂ ಒಂದಿಷ್ಟು ಹೊತ್ತು ಕೂಡಿಟ್ಟುಕೊಂಡು, ಆಮೇಲೆ ಒಟ್ಟಿಗೆ ಕಳಿಸುತ್ತಿತ್ತು. ಬೇರೆ ಊರಿನಲ್ಲಿ ಅದು ನಡೆಯುತ್ತದೆ. ಇಲ್ಲಿ ನಾನು ನೋಡುತ್ತಿದ್ದದ್ದು ಆಗಲೇ ಆಗಿಹೋದದ್ದನ್ನು, ನಡೆಯುತ್ತಿದ್ದದ್ದನ್ನಲ್ಲ. ಆದದ್ದನ್ನು ಎಷ್ಟು ನೋಡಿದರೂ ಏನು ಉಪಯೋಗ? ಸುದ್ದಿ ಹುಟ್ಟಿದ ಹಾಗೇ ತಡೆಯಿಲ್ಲದೆ ಹರಿದು ಬರುವಂತೆ ಬದಲಾಯಿಸಿದೆ.

ಎರಡನೆಯ ಸಲ ಹೋಟೆಲು ತುಂಬ ಜನ ನಿಂತಿದ್ದರು. ‘ಕಂಡೆ’ ಅಂದೆ. ಫೋನಿನಲ್ಲಿ ಮಾದಪ್ಪನವರ ಉಸಿರು ಕೇಳಿಸುತ್ತಿತ್ತು, ಅದರ ಹಿಂದೆ ಫ್ಯಾನಿನ ಗುಯ್ಯೆನ್ನುವ ಸದ್ದು. ಸದ್ದು ನಿಲ್ಲಲಿಲ್ಲ. ಎಷ್ಟೋ ಹೊತ್ತಿನ ಮೇಲೆ ದೊಡ್ಡವ್ವನ ದನಿ ಬಂತು. “ರಂಜು, ನಾನು ಕಿಟ್ಕಿ ಹೊರಗೆ ನೋಡ್ತಾ ಇವ್ನಿ ಕಣೇ. ಅಲ್ಲೊಂದು ಹೊಂಗೆ ಮರ ಬೆಳ್ದದೆ. ನಂಗೊತ್ತೇ ಇರ್ಲಿಲ್ಲ.”

ಅವತ್ತಿನಿಂದ ನಮ್ಮ ಹೋಟೆಲೇ ಊರಿನ ನೀರಿನ ಕಾವಲು. ನಾನು ಮಲಗಿದಾಗ ಅವ್ವ, ಅವ್ವ ಮಲಗಿದಾಗ ಯಾರೋ ಒಬ್ಬರು. ದೀಪವನ್ನು ನೋಡಲಾರದೆ ಓಡಿಹೋಗಿದ್ದವರೇ ಈಗ ಚಹಾ ಹೀರುತ್ತ ಗೆರೆಯನ್ನು ನೋಡಲು ಮುಗಿಬೀಳುತ್ತಿದ್ದರು. “ಏ, ಮೇಲಕ್ಕೋಯ್ತು ನೋಡ್ರೋ!” ಎಂದು ಒಬ್ಬ, “ನಿನ್ನೆಂಡ್ತಿ ಬಚ್ಚಲಿಗೆ ಹೋದ್ಲು ಬುಡು,” ಎಂದು ಇನ್ನೊಬ್ಬ. ಒಮ್ಮೆ ಡಿಸ್ಕು ತುಂಬಿ ಪಂಪು ಸಿಕ್ಕಿಹಾಕಿಕೊಂಡಾಗ ಹಿಟ್ಟು ಮೆತ್ತಿದ ಕೈಯಲ್ಲೇ ಇಲ್ಲಿಂದ ಖಾಲಿ ಮಾಡಿ ಎಬ್ಬಿಸಿದೆ. ಮಾದಪ್ಪನವರೂ ಗುಡ್ಡ ಇಳಿದು ಬಂದು ಬೆಂಚಿನ ತುದಿಯಲ್ಲಿ ಕೂರತೊಡಗಿದರು.

ದೊಡ್ಡವ್ವ ಗುಡ್ಡ ಇಳಿದ ದಿನ ಬೀದಿಯ ಜನ ಬಾಗಿಲಿಗೆ ಬಂದು ನಿಂತಿದ್ದರು. ಆಕೆಯ ಕತ್ತು ಒಂದೇ ಕಡೆ ನಿಂತು ನಿಂತು ಹಾಗೇ ಸೆಟೆದಿತ್ತು. ಎದುರಿಗೆ ಸಿಕ್ಕವರ ಮುಖವನ್ನು ಬಿಟ್ಟೂ ಬಿಡದೆ ನೋಡುತ್ತ ಆಕೆ ಹೊಳೆ ದಾಟಿ ಮನೆಗೆ ಹೋದಳು.

ನಾನು ಅದಕ್ಕೂ ಮೊದಲೇ ಅಲ್ಲಿಗೆ ಹೋಗಿ ಬಂದಿದ್ದೆ. ಉತ್ಸಾಹ ಅಂದರೆ ಹಾಗೆ, ಒಂದು ಕೆಲಸ ಕೈಗೆ ಹತ್ತಿದರೆ ಇನ್ನೊಂದಕ್ಕೆ ಕೈ ತುರಿಸುತ್ತದೆ. ದೊಡ್ಡಪ್ಪ ನಿದ್ದೆಯಲ್ಲಿದ್ದಾಗ, ಕಾವಲಿಗೆ ಕೂತವರಿಗೂ ತಿಳಿಯದಂತೆ, ಅವನ ಹಾಸಿಗೆಯ ಎದುರಿನ ಗೂಡಿನಲ್ಲಿ, ಉಪ್ಪಿನಕಾಯಿ ಜಾಡಿಗಳ ನಡುವೆ ಒಂದು ಪುಟ್ಟ ಕ್ಯಾಮೆರಾ ಇಟ್ಟೆ. ಅಲ್ಲಿಯ ಮಾತು ಇಲ್ಲಿಗೆ, ಇಲ್ಲಿಯ ಮಾತು ಅಲ್ಲಿಗೆ ಕೇಳಿಸುವಂಥದ್ದು. ಹೋಟೆಲಿನ ಪರದೆಯಲ್ಲಿ ಸರ್ವರಿನ ಪಕ್ಕದಲ್ಲೇ ಇನ್ನೊಂದು ಚೌಕ ಮಾಡಿ, ಅದನ್ನು ಎರಡನೆಯ ಸಾಧನವೆಂದು ಸೇರಿಸಿಕೊಂಡೆ. ದೊಡ್ಡವ್ವನೂ ಮನುಷ್ಯಳೇ, ಸುಸ್ತಾಗಿ ತೂಕಡಿಸಿದರೆ? ಗಿರಾಕಿಗಳಿದ್ದಾಗ ಆ ಚೌಕವನ್ನು ಮುಚ್ಚಿಡುತ್ತಿದ್ದೆ, ಮಧ್ಯಾಹ್ನ ಮಾದಪ್ಪನವರೊಬ್ಬರನ್ನು ಬಿಟ್ಟು ಹೋಟೆಲು ಖಾಲಿಯಾದ ಮೇಲೆ ತೆರೆಯುತ್ತಿದ್ದೆ. ಒಂದು ಚೌಕದಲ್ಲಿ ಹಸಿರು ಗೆರೆ, ಇನ್ನೊಂದರಲ್ಲಿ ದೊಡ್ಡಪ್ಪ. ದೊಡ್ಡವ್ವ ಅವನ ತಲೆ ಬಾಚುವುದನ್ನು, ಗಂಜಿಯನ್ನು ಊದಿ ಊದಿ ಕುಡಿಸುವುದನ್ನು ನೋಡುತ್ತಿದ್ದೆ. ಅವನು ಒಂದೆರಡು ಸಲ ನಕ್ಕಿದ್ದನ್ನೂ ನೋಡಿದೆ. ರಾತ್ರಿ ಹಲ್ಲು ಕಚ್ಚಿ ಕಚ್ಚಿ ಕೆನ್ನೆಯ ಒಳಗೆಲ್ಲ ಹುಣ್ಣಾಗಿದೆ ಎಂದು ಸಾಕಮ್ಮ ಹೇಳಿದ್ದನ್ನು ಕೇಳಿಯೂ ಕೇಳದ ಹಾಗಿದ್ದೆ.

ಒಂದು ಮಧ್ಯಾಹ್ನ ದೊಡ್ಡವ್ವ ಸಾಕಮ್ಮನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು. ದೊಡ್ಡಪ್ಪನ ಪಂಚೆ ಸರಿ ಮಾಡಿದಳು, ಹಣೆ ಒರೆಸಿದಳು, ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು. ಇಬ್ಬರೂ ಏನೋ ಮಾತಾಡಿಕೊಂಡರು, ತೀರ ಮೆಲ್ಲಗೆ, ನನಗೆ ಕೇಳಿಸಲಿಲ್ಲ. ಆಮೇಲೆ ಆಕೆ ಮುಖ ಗೋಡೆಗೆ ತಿರುಗಿಸಿದಳು.

ನಾನು ನೋಡುತ್ತಲೇ ಇದ್ದೆ. ಅವನ ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ತುಂಬ ಹೊತ್ತಾದ ಮೇಲೆ ಆಕೆ ತಿರುಗಿದಳು. ಅವನು ಕಣ್ಣು ಬಿಟ್ಟುಕೊಂಡು ಆಕೆಯನ್ನೇ ನೋಡುತ್ತಿದ್ದ. ಮತ್ತೆ ಮುಖ ತಿರುಗಿಸಿದಳು, ಈ ಸಲ ಹಣೆಯನ್ನು ಗೋಡೆಗೇ ಒತ್ತಿಕೊಂಡು. ಅವನ ಎದೆ ಏಳುತ್ತಿತ್ತು, ಇಳಿಯುತ್ತಿತ್ತು.

“ಯಾರೋ ಅವ್ರೆ ಕಣಮ್ಮಿ,” ಅಂದ ದೊಡ್ಡಪ್ಪ. “ಮೈ ಮೇಲೆ ಇರುವೆ ಹರ್ದಂಗಾಯ್ತದೆ. ಯಾರೋ ನೋಡ್ತಾವ್ರೆ.”

ದೊಡ್ಡವ್ವ ಎದ್ದು ಕಿಟಕಿಯ ಹೊರಗೆ ನೋಡಿದಳು, ಬಾಗಿಲ ಸಂದಿ ನೋಡಿದಳು, ಅಟ್ಟದ ಕಡೆ ಕತ್ತೆತ್ತಿದಳು. ಆಮೇಲೆ ಗೂಡಿನ ಹತ್ತಿರ ಬಂದು ಜಾಡಿ ಸರಿಸಿದಳು. ಆಕೆಯ ಮುಖ ನನ್ನ ಪರದೆಯ ಚೌಕವನ್ನು ಪೂರ್ತಿ ತುಂಬಿಕೊಂಡಿತು.

“ರಂಜು, ನೀನೇನಾ?”

“ಹೂಂ ದೊಡ್ಡವ್ವ.”

“ಯಾವಾಗಿಂದ?”

“ನೀನು ಬರೋಕ್ಕಿಂತ ಮೊದ್ಲೇ ಇಟ್ಟಿದ್ದೆ. ಮಧ್ಯಾಹ್ನ ಮಧ್ಯಾಹ್ನ ನೋಡ್ತೀನಿ.”

“ನಂಗ್ಯಾಕೆ ಯೋಳ್ಲಿಲ್ಲ?”

“ಹೇಳಿದ್ರೆ ತೆಗಿ ಅಂತಿದ್ದೆ.”

ಹಾಸಿಗೆಯಿಂದ ದೊಡ್ಡಪ್ಪನ ನಗು ಕೇಳಿಸಿತು, ಅದು ಕೆಮ್ಮಾಗಿ, ಕೆಮ್ಮು ನರಳಾಟವಾಗಿ ನಿಂತಿತು. “ನನ್ನೂ ಸರ್ವರ್ ಮಾಡ್ಬುಟ್ಯಲ್ಲ ಮಗ,” ಅಂದ.

“ದೊಡ್ಡಪ್ಪ, ನೋವಿಗೆ ಬೇರೆ ಔಷಧಿ ತರ್ಸೋಣ. ಇನ್ನೊಂದಷ್ಟು ದಿನ ನೋಡೋಣ. ದೊಡ್ಡವ್ವ ಈಗಷ್ಟೇ ಬಂದವ್ಳೆ…”

“ಔಷ್ದಿ ಬುಡು. ಗೋಪುರದಲ್ಲಿ ಕೂತು ಆ ಮುಳ್ಳ ನೋಡ್ತಿದ್ನಲ್ಲ ನಾನು, ಅದು ಒಂದಿನಾನೂ ಸಾಕು ಅನ್ಲಿಲ್ಲ. ಅದ್ಕೆ ನೋಡ್ತಿದ್ದೆ. ನಾನು ಸಾಕು ಅಂತಾ ಇವ್ನಿ. ಕೇಳಿಸ್ತಾ?”

“ನನ್ ಕೈಲಾಗಲ್ಲ ದೊಡ್ಡಪ್ಪ.”

ಆಗ ದೊಡ್ಡವ್ವ ಮಾತಾಡಿದಳು. ಬೈಯಲಿಲ್ಲ, ಬೈದಿದ್ದರೆ ನಾನು ಎದುರು ಮಾತಾಡುತ್ತಿದ್ದೆ. “ನನ್ ಕೈಲಿ ಆಯ್ತದೆ ಅಂದ್ಕಂಡಿದ್ದೀಯಾ? ಎಲ್ಡು ಸಲ ಮೊಕ ತಿರುಗ್ಸಿದೆ ಮಗ. ಎಲ್ಡು ಸಲಾನೂ ಇನ್ನು ಇವ್ರಿಲ್ಲ ಅಂದ್ಕಂಡೇ ತಿರುಗ್ಸಿದ್ದು. ನೀನು ಹಿಂಗೇ ಕೂತಿದ್ರೆ ನಾನು ದಿನಾ ತಿರುಗ್ಸಬೇಕು. ನಿನ್ ದೊಡ್ಡಪ್ಪ ದಿನಾ ಕಾಯ್ಬೇಕು. ಅಷ್ಟು ನಿಂಗ್ ಆಯ್ತದಾ?”

ಪಕ್ಕದಲ್ಲಿ ಒಲೆ ಆರಿಹೋಗಿತ್ತು, ಯಾವಾಗ ಆರಿತೋ ಗೊತ್ತಿಲ್ಲ. ದೊಡ್ಡವ್ವ ಗೂಡಿನಿಂದ ಹಿಂದೆ ಸರಿದು ಮತ್ತೆ ಅವನ ಪಕ್ಕ ಹೋಗಿ ಕೂತಳು. ಕ್ಯಾಮೆರಾವನ್ನು ಅವಳೇ ಗೋಡೆಗೆ ತಿರುಗಿಸಿಡಬಹುದಿತ್ತು, ಅದರ ಮೇಲೊಂದು ಬಟ್ಟೆ ಎಳೆಯಬಹುದಿತ್ತು. ಎಳೆಯಲಿಲ್ಲ. ಕಾವಲಿಗೆ ಕೂತವರ ಕಣ್ಣನ್ನು ಇನ್ನೊಬ್ಬರು ಮುಚ್ಚುವ ಪದ್ಧತಿ ನಮ್ಮಲ್ಲಿಲ್ಲ.

ಚೌಕವನ್ನು ಸುಮ್ಮನೆ ಮುಚ್ಚಿದರೆ ಕೈ ತಡೆಯಲಾರದೆ ಮತ್ತೆ ತೆರೆಯುತ್ತೇನೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ಪೂರ್ತಿ ತೆಗೆಯುವ ಕಡೆ ಒತ್ತಿದೆ. ಈ ಸಾಧನವನ್ನು ಕಾವಲಿನಿಂದ ತೆಗೆಯಬೇಕೇ ಎಂದು ಅದು ಕೇಳಿತು. ಆ ಪ್ರಶ್ನೆಯ ಹಿಂದೆ ದೊಡ್ಡಪ್ಪ ಇನ್ನೂ ಕಾಣುತ್ತಿದ್ದ. ಅವನು ಕ್ಯಾಮೆರಾದ ಕಡೆ ನೋಡುತ್ತಿರಲಿಲ್ಲ, ದೊಡ್ಡವ್ವನ ಸೆಟೆದ ಕತ್ತನ್ನು ನೋಡುತ್ತಿದ್ದ. ಆಕೆ ಇನ್ನೂ ತಿರುಗಿರಲಿಲ್ಲ, ನನಗಾಗಿ ಕಾಯುತ್ತಿದ್ದಳು.

ಹೌದು ಎಂದು ಒತ್ತಿದೆ.

ಎರಡನೆಯ ಚೌಕ ಹೋಯಿತು. ಹೋದ ಜಾಗ ಖಾಲಿ ಬಿಡುವುದು ಆ ಪ್ರೋಗ್ರಾಮಿಗೆ ಗೊತ್ತಿಲ್ಲ, ಹಸಿರು ಗೆರೆಯೇ ಹಿಗ್ಗಿ ಪರದೆಯ ತುಂಬ ಹರಡಿಕೊಂಡಿತು. ಅದನ್ನು ಬಿಟ್ಟು ನಾನು ಏಳುವ ಹಾಗಿರಲಿಲ್ಲ. ಅವ್ವ ಸಂತೆಗೆ ಹೋಗಿದ್ದಳು. ಬೆಂಚಿನ ತುದಿಯಲ್ಲಿದ್ದ ಮಾದಪ್ಪನವರು ಅಷ್ಟೂ ಹೊತ್ತು ತಲೆ ತಗ್ಗಿಸಿ ಕೂತಿದ್ದರು.

“ಮಾದಪ್ಪನೋರೆ, ಸ್ವಲ್ಪ ಹೊತ್ತು ನೀವು ನೋಡ್ತೀರಾ?”

ಅವರು ಹತ್ತಿರ ಬಂದು ಪರದೆಗೆ ಮುಖ ತಂದರು. “ಹಸಿರು ಮಂಜು ಕಂಡಂಗದೆ ಕಣಮ್ಮ. ಗೆರೆ ಕಾಣ್ತಿಲ್ಲ. ದೇವ್ರಾಣೆ ಕಾಣ್ತಿಲ್ಲ,” ಅಂದರು.

ಹಾಗಾಗಿ ನಾನೇ ನೋಡಿದೆ. ಕಣ್ಣು ತುಂಬಿಕೊಂಡಾಗ ಗೆರೆ ಕಲಸಿಹೋಗುತ್ತಿತ್ತು. ಕಲಸಿದ್ದನ್ನು ನೋಡಿದರೆ ನೋಡಿದ ಹಾಗಾಗುತ್ತದೋ ಇಲ್ಲವೋ ಎಂದು ಹೆದರಿ ತೋಳಿನಿಂದ ಒರೆಸಿಕೊಳ್ಳುತ್ತಿದ್ದೆ, ಮತ್ತೆ ತುಂಬುತ್ತಿತ್ತು. ದೊಡ್ಡಪ್ಪ ಯಾವ ಗಳಿಗೆಯಲ್ಲಿ ಹೋದನೋ ನನಗೆ ಗೊತ್ತಾಗಲಿಲ್ಲ. ಗೆರೆ ಸುಮ್ಮನೆ ಹರಿಯುತ್ತಿತ್ತು. ಹೊತ್ತು ಇಳಿದಂತೆ ಅದು ಮೇಲೇರಿತು, ಕೆಳಗಿನ ಬೀದಿಯಲ್ಲಿ ಕೊಡ ತುಂಬುವ ಹೊತ್ತು ಅದು.

ಹೋಟೆಲಿನ ಬಾಗಿಲಲ್ಲಿ ಯಾರೋ ನಲ್ಲಿ ತಿರುಗಿಸಿ ಕಾಲು ತೊಳೆದ ಸದ್ದಾಯಿತು. ತಿರುಗಿ ನೋಡುವ ಹಾಗಿರಲಿಲ್ಲ, ಆದರೂ ಹೆಜ್ಜೆಯಿಂದಲೇ ತಿಳಿಯಿತು. ದೊಡ್ಡವ್ವ ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತಳು. ಅವಳ ಸೀರೆಯ ಸೆರಗು ಒದ್ದೆಯಾಗಿ ನನ್ನ ತೋಳಿಗೆ ತಾಗಿತು.

“ಹೋಯ್ತು ಮಗ ಜೀವ,” ಅಂದಳು. “ನಾನು ಗೋಡೆ ನೋಡ್ತಿದ್ದೆ. ಕೈ ಹಿಡ್ಕಂಡಿದ್ದೆ. ಬೆರಳು ಸಡ್ಲ ಆದ್ವು, ಅಷ್ಟೇ.”

ನಾನು ಪರದೆಯನ್ನು ನೋಡುತ್ತ ತಲೆಯಾಡಿಸಿದೆ.

“ಸಾಕಮ್ಮ ಅವ್ಳೆ ಅಲ್ಲಿ, ನೀರು ಕಾಯಿಸ್ತಾವ್ಳೆ. ನೀ ಇಲ್ಲಿ ಒಬ್ಳೇ ಕೂತಿರ್ತೀಯಾ ಅಂತ ನಾನು ಬಂದೆ.” ಪರದೆಯ ಕಡೆ ಮುಂದಕ್ಕೆ ಬಾಗಿದಳು. “ಇದೇನಾ ಅದು? ನಾನು ನೋಡ್ತಿದ್ದ ದೀಪ?”

“ಅದೇ ದೊಡ್ಡವ್ವ. ಗೆರೆ ಆಗಿ ಕಾಣುತ್ತೆ ಇಲ್ಲಿ.”

“ಹೂಂ. ದೀಪಕ್ಕಿಂತ ವಾಸಿ. ಓಡಾಡ್ತದೆ.” ಆಕೆ ಸೆರಗು ಹಿಂಡಿ ಸರಿಯಾಗಿ ಕೂತಳು. “ಎದ್ದೇಳು. ನಾನು ನೋಡ್ತಿರ್ತೀನಿ. ನೀನೋಗಿ ಅತ್ಬುಟ್ಟು ಬಾ.”

“ಮತ್ತೆ ನೀನು?”

“ನೀ ಬಂದ್ಮೇಲೆ ನಾನು. ಇಬ್ರೂ ಒಟ್ಗೇ ಅತ್ರೆ ಊರಿಗೆ ನೀರ್ ಬೇಡ್ವಾ?”

ಆಕೆ ನನ್ನ ಹೆಗಲ ಮೇಲೆ ಕೈಯಿಟ್ಟು ‘ಕಂಡೆ’ ಅಂದಳು. ನಾನು ಎದ್ದು ಹಿತ್ತಲಿಗೆ ಹೋದೆ. ಒಗೆಯುವ ಕಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡೆ. ಬೇಗ ಬೇಗ ಅತ್ತೆ. ಒಳಗೆ ದೊಡ್ಡವ್ವ ಕಾಯುತ್ತಿದ್ದಳು.